ಡ್ರಮ್ ಇಲ್ಲದ ರಾಕ್: ಒಂದು ತಿಂಗಳು, ಮೂರು ಆಲ್ಬಮ್

ಬ್ಲೂಗ್ರಾಸ್ ಅಂದರೆ ತಂತಿವಾದ್ಯಗಳಲ್ಲಿ ನುಡಿಸುವ ಅಮೆರಿಕದ ಒಂದು ಜನಪದ ಮೂಲದ ಸಂಗೀತ. ಅದರ ತಂಡಗಳಲ್ಲಿ ಸಾಮಾನ್ಯವಾಗಿ ಡ್ರಮ್ ಇರುವುದಿಲ್ಲ. ತಾಳ ಹಿಡಿಯುವ ಕೆಲಸ ಮ್ಯಾಂಡೊಲಿನ್‌ನದು. ತಂತಿ ಮೀಟಿದ ಕೂಡಲೇ ಎಡಗೈ ಬೆರಳು ಸಡಿಲಿಸಿದರೆ ನಾದ ಅಲ್ಲೇ ತುಂಡಾಗಿ 'ಚಕ್' ಅನ್ನುತ್ತದೆ. ಇದನ್ನು 'ಚಾಪ್' ಅನ್ನುತ್ತಾರೆ. ಕೆಳಗೆ ಡಬಲ್ ಬಾಸ್‌ನ 'ಧುಂ', ಮೇಲೆ ಮ್ಯಾಂಡೊಲಿನ್‌ನ 'ಚಕ್'. 1940ರ ದಶಕದಲ್ಲಿ ಕೆಂಟಕಿಯ ಬಿಲ್ ಮನ್ರೋ ಈ ಸಂಗೀತಕ್ಕೆ ರೂಪ ಕೊಟ್ಟರು. ಅದೇ ವಾದ್ಯಗಳಲ್ಲಿ ರಾಕ್‌ನ ಕಸುವು ತರುವ ತಂಡಗಳು ಈಗ ಅಮೆರಿಕದಲ್ಲಿ ಹಲವು.

ಅಂಥ ಮೂರು ಆಲ್ಬಮ್ ಆರಿಸಿಕೊಂಡು ಒಂದು ತಿಂಗಳು ಸರದಿ ಮೇಲೆ ಕೇಳಿದೆ. ಬಿಲ್ಲಿ ಸ್ಟ್ರಿಂಗ್ಸ್ ಅವರ 'ರಿನ್ಯೂವಲ್' (2021), ಗ್ರೀನ್‌ಸ್ಕೈ ಬ್ಲೂಗ್ರಾಸ್‌ನ 'ಸ್ಟ್ರೆಸ್ ಡ್ರೀಮ್ಸ್' (2022), ಟ್ರಾಂಪಲ್ಡ್ ಬೈ ಟರ್ಟಲ್ಸ್‌ನ 'ಆಲ್ಪೆನ್‌ಗ್ಲೋ' (2022). ಬೆಳಿಗ್ಗೆ ವಾಕಿಂಗ್‌ನಲ್ಲಿ ಇಯರ್‌ಫೋನ್, ಸಂಜೆ ಅಡುಗೆಮನೆಯಲ್ಲಿ ಪುಟ್ಟ ಸ್ಪೀಕರ್, ರಾತ್ರಿ ದೀಪ ಆರಿಸಿ ಹೆಡ್‌ಫೋನ್.

ಬೆಳಗಿನ ಹೊತ್ತು ಗೆದ್ದಿದ್ದು 'ರಿನ್ಯೂವಲ್'. ಬಿಲ್ಲಿಯ ಗಿಟಾರ್ ವೇಗ ನಂಬುವುದು ಕಷ್ಟ. ಅಷ್ಟು ವೇಗದಲ್ಲೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಮಳೆಹನಿ ತಗಡಿನ ಮೇಲೆ ಬಿದ್ದ ಹಾಗೆ. ಕಾಲು ತಾನಾಗೇ ಬೇಗ ಬೇಗ ಹೆಜ್ಜೆ ಹಾಕುತ್ತದೆ. ಆದರೆ 16 ಹಾಡು, ಒಂದು ಗಂಟೆಗೂ ಜಾಸ್ತಿ. ಒಂದೇ ಸಲಕ್ಕೆ ಕೇಳಿದರೆ ಕಿವಿ ದಣಿಯುತ್ತದೆ. ನಾನು ಎರಡು ದಿನಕ್ಕೆ ಹಂಚಿಕೊಂಡೆ.

'ಸ್ಟ್ರೆಸ್ ಡ್ರೀಮ್ಸ್' ಅಡುಗೆಮನೆಯಲ್ಲಿ ಪೂರ್ತಿ ಸೋತಿತು. ಸ್ಪೀಕರ್‌ನಲ್ಲಿ ಬಾಸ್ ಮಾಯವಾದರೆ ಈ ತಂಡದ ಅರ್ಧ ಜೀವ ಹೋದ ಹಾಗೆ. ಶೀರ್ಷಿಕೆ ಹಾಡು ಬರೆದವರೇ ಬಾಸ್ ನುಡಿಸುವ ಮೈಕ್ ಡೆವೋಲ್. ರಾತ್ರಿ ಹೆಡ್‌ಫೋನ್‌ನಲ್ಲಿ ಕೇಳಿದಾಗಲೇ ಅದು ತೆರೆದುಕೊಂಡಿತು. ಮಿಶಿಗನ್‌ನ ಈ ಐವರಲ್ಲಿ ಆಂಡರ್ಸ್ ಬೆಕ್ ಡೋಬ್ರೋ ನುಡಿಸುತ್ತಾರೆ. ಗಿಟಾರನ್ನು ಅಡ್ಡಲಾಗಿ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುವ ವಾದ್ಯ ಅದು. ಸ್ವರಗಳ ನಡುವೆ ಮೆಟ್ಟಿಲೇ ಇಲ್ಲ, ಬರೀ ಇಳಿಜಾರು. ಒಮ್ಮೆ ಅಮ್ಮನಿಗೆ ಹೆಡ್‌ಫೋನ್ ಕೊಟ್ಟೆ. ಸ್ವಲ್ಪ ಹೊತ್ತು ಕೇಳಿ, "ಇದು ಗೋಟುವಾದ್ಯ ಅಲ್ವೇನೋ?" ಅಂದರು. ಅದೂ ತಂತಿಯ ಮೇಲೆ ತುಂಡು ಜಾರಿಸಿ ನುಡಿಸುವ ವೀಣೆಯೇ. ಗೋಟುವಾದ್ಯ ಕೇಳಿ ಬೆಳೆದ ಕಿವಿಗೆ ಡೋಬ್ರೋ ಪರಕೀಯ ಅನ್ನಿಸುವುದೇ ಇಲ್ಲ. ಬೆಕ್ ಡೋಬ್ರೋವನ್ನು ನಾದ ಬದಲಿಸುವ ಎಫೆಕ್ಟ್ ಪೆಡಲ್‌ಗೂ ಜೋಡಿಸುತ್ತಾರೆ. ಆಗ ಅದು ಎಲೆಕ್ಟ್ರಿಕ್ ಗಿಟಾರ್ ಥರ ಗುಡುಗುತ್ತದೆ. ಅಪ್ಪಟ ಅಕೂಸ್ಟಿಕ್ ನಾದವೇ ಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ನನಗಂತೂ ಹಿಡಿಸಿತು.

ಆದರೂ ನನ್ನ ಮನಸ್ಸು ನಿಂತಿದ್ದು 'ಆಲ್ಪೆನ್‌ಗ್ಲೋ' ಹತ್ತಿರ. ಸೂರ್ಯ ಮುಳುಗಿದ ಮೇಲೂ ಬೆಟ್ಟದ ನೆತ್ತಿಯಲ್ಲಿ ಉಳಿಯುವ ಕೆಂಪು ಬೆಳಕಿಗೆ ಆ ಹೆಸರು. ಮಿನೆಸೋಟದ ಡುಲೂತ್ ಊರಿನ ಈ ತಂಡ ಹೆಸರು ಮಾಡಿದ್ದು ವೇಗದಿಂದ. 2010ರ 'ಪ್ಯಾಲೊಮಿನೊ' ಕೇಳಿ ನೋಡಿ, ಕೆಲವು ಹಾಡುಗಳಲ್ಲಿ ಉಸಿರಾಡಲೂ ಬಿಡುವುದಿಲ್ಲ. ಇಲ್ಲಿ ಅದೇ ಕೈಗಳು ನಿಧಾನಿಸಿವೆ. ಆಲ್ಬಮ್‌ನ ನಿರ್ಮಾಪಕ ವಿಲ್ಕೋ ಎಂಬ ರಾಕ್ ತಂಡದ ಜೆಫ್ ಟ್ವೀಡಿ, ರೆಕಾರ್ಡ್ ಆಗಿದ್ದು ಶಿಕಾಗೋದ ಅವರ ಸ್ಟುಡಿಯೋದಲ್ಲಿ. ಬಾಂಜೋ, ಮ್ಯಾಂಡೊಲಿನ್ ಒಂದಕ್ಕೊಂದು ಜಾಗ ಬಿಟ್ಟು ನುಡಿಯುತ್ತವೆ. ಗಾಯಕ ಡೇವ್ ಸಿಮೊನೆಟ್ ಕೂಗುವುದಿಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾರೆ. ಪಿಟೀಲಿನ ಕೆಳಗೆ ಚೆಲ್ಲೋ ಕೂಡ ಇದೆ. ಬ್ಲೂಗ್ರಾಸ್‌ನಲ್ಲಿ ಅದು ಅಪರೂಪ. ಅದು ಉದ್ದಕ್ಕೆ ಕಮಾನು ಎಳೆದಾಗ ತಂಡದ ಸದ್ದಿಗೆಲ್ಲ ಒಂದು ನೆಲ ಸಿಕ್ಕ ಹಾಗಾಗುತ್ತದೆ.

ಪುಟ್ಟ ಸ್ಪೀಕರ್‌ನಲ್ಲೂ ಇದು ಕಳೆಗುಂದಲಿಲ್ಲ. ಹಾಡಿನ ರಚನೆಯೇ ಗಟ್ಟಿಯಾಗಿದ್ದರಿಂದ ಸಲಕರಣೆಯ ಹಂಗು ಕಡಿಮೆ. ವೇಗ ಬಿಟ್ಟರೆ ಈ ತಂಡದಲ್ಲಿ ಏನು ಉಳಿಯುತ್ತದೆ ಎಂದು ಅನುಮಾನ ಇರುವವರು ಮೊದಲು ಇದನ್ನೇ ಹಾಕಿ. ಗಿಟಾರ್ ಕಲಿಯುತ್ತಿದ್ದರೆ 'ರಿನ್ಯೂವಲ್'. ಒಳ್ಳೆಯ ಹೆಡ್‌ಫೋನ್, ಪೂರ್ತಿ ಒಂದು ರಾತ್ರಿ ಇದ್ದರೆ 'ಸ್ಟ್ರೆಸ್ ಡ್ರೀಮ್ಸ್'. ತಿಂಗಳು ಮುಗಿದು ಸರದಿ ನಿಂತಿದೆ. ಸಂಜೆ ಒಗ್ಗರಣೆ ಹಾಕುವ ಹೊತ್ತಿಗೆ 'ಆಲ್ಪೆನ್‌ಗ್ಲೋ' ಮಾತ್ರ ಇನ್ನೂ ನಡೆಯುತ್ತಿದೆ.