ಎಡ್ಡಿ, ಪಾಲ್, ಕಜುಯಾ, ಕಿಂಗ್: ಅದೇ ಎದುರಾಳಿ ಮುಂದೆ ಯಾರು ಎಷ್ಟು ದಿನ ಬಾಳುತ್ತಾರೆ?

ಟೆಕ್ಕನ್ ಅನ್ನುವ ಹೊಡೆದಾಟದ ವಿಡಿಯೋ ಗೇಮಿನ ಪಾತ್ರಗಳಲ್ಲಿ ಯಾರು ಮೇಲು, ಯಾರು ದಂಡ ಅಂತ ಹೇಳುವ ಪಟ್ಟಿಗಳಿಗೆ ಬರವಿಲ್ಲ. ಆಟವನ್ನು ತಿದ್ದುವ ಪ್ಯಾಚ್ ಬಂದಾಗಲೆಲ್ಲ ಹೊಸ ಪಟ್ಟಿ ಬರುತ್ತದೆ. ಅವು ಸುಳ್ಳು ಅಂತ ನಾನು ಹೇಳಲ್ಲ. ಆದರೆ ಅವನ್ನು ಮಾಡುವವರು ದಿನವಿಡೀ ಆನ್‌ಲೈನ್‌ನಲ್ಲಿ ಕೂರುವವರು. ಪ್ರತಿ ಮ್ಯಾಚಿಗೂ ಅವರಿಗೆ ಹೊಸ ಎದುರಾಳಿ ಸಿಗುತ್ತಾನೆ. ನಮ್ಮದು ಬೇರೆ ಕಥೆ. ವಾರವಿಡೀ ಔಟರ್ ರಿಂಗ್ ರೋಡಿನಲ್ಲಿ ಜೀವ ತೇಯ್ದು, ಭಾನುವಾರ ಊಟ ಆದ ಮೇಲೆ ಪ್ಯಾಡ್ ಹಿಡಿಯುವ ಜನ ನಾವು. ಎದುರಿಗೆ ಕೂರುವವನೂ ಯಾವಾಗಲೂ ಒಬ್ಬನೇ. ಯಲಹಂಕದಿಂದ ಬೈಕಲ್ಲಿ ಬರುವ ನನ್ನ ಚಿಕ್ಕಪ್ಪನ ಮಗ. ಅಪರೂಪಕ್ಕೆ ಮೇಲ್ಮನೆ ಹುಡುಗ ಬಂದು ಸೇರಿಕೊಳ್ಳುತ್ತಾನೆ.

ಹಾಗಾಗಿ ನನ್ನ ಅಳತೆಗೋಲು ಒಂದೇ. ಎದುರಿಗಿರುವವನಿಗೆ ನಿಮ್ಮ ಆಟವೆಲ್ಲ ಗೊತ್ತಾಗಿಹೋದ ಮೇಲೂ ಆ ಪಾತ್ರ ಕೈಹಿಡಿಯುತ್ತದಾ, ಇಲ್ವಾ?

ಟೆಕ್ಕನ್ ಆಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಪ್ಯಾಡಿನ ನಾಲ್ಕು ಬಟನ್ ಅಂದರೆ ಪಾತ್ರದ ಎರಡು ಕೈ, ಎರಡು ಕಾಲು. ಏಟಿಗೆ ಮೂರು ಎತ್ತರ. ಹೈ ಬಂದರೆ ಕೂತು ತಪ್ಪಿಸಿಕೊಳ್ಳಬಹುದು. ಮಿಡ್ ಬಂದರೆ ಕೂತವನಿಗೇ ಬೀಳುತ್ತದೆ. ಲೋ ಬಂದರೆ ಕೂತೇ ತಡೆಯಬೇಕು. ನಿಲ್ಲೋದಾ, ಕೂರೋದಾ? 1994ರಿಂದ ಇಡೀ ಸರಣಿ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ನಾನಿಲ್ಲಿ ಬರೆಯುತ್ತಿರುವುದು ಟೆಕ್ಕನ್ 8ರ ಬಗ್ಗೆ. 2024ರ ಜನವರಿಯಲ್ಲಿ ಬಂದಾಗ ಅದರಲ್ಲಿ 32 ಪಾತ್ರಗಳಿದ್ದವು. ಎಲ್ಲರನ್ನೂ ಆಡಿ ನೋಡುವ ಪುರುಸೊತ್ತು ಯಾರಿಗಿದೆ? ನೆಟ್ಟಗೆ ಕೂತು ಆಡಿದ್ದು ನಾಲ್ವರನ್ನು ಮಾತ್ರ.

ಮೊದಲು ಎಡ್ಡಿ. ಬೆಂಗಳೂರಿನ ಗಲ್ಲಿಗಳ ವಿಡಿಯೋ ಗೇಮ್ ಅಂಗಡಿಗಳಲ್ಲಿ ಟೆಕ್ಕನ್ 3 ಆಡಿ ಬೆಳೆದವರಿಗೆ ಎಡ್ಡಿ ಗೋರ್ಡೊನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬ್ರೆಜಿಲ್‌ನವನು, ಆಡುವುದು ಕುಣಿತ ಬೆರೆತ ಕಾಳಗದ ಕಲೆ ಕಪೊಯೆರಾ. ಸರಣಿಗೆ ಅವನು ಕಾಲಿಟ್ಟಿದ್ದೇ ಟೆಕ್ಕನ್ 3ರಲ್ಲಿ. ಎರಡು ಕಾಲಿನ ಬಟನ್‌ಗಳನ್ನು ಸುಮ್ನೆ ಕುಟ್ಟುತ್ತಿದ್ದರೆ ಸಾಕು, ಅವನೇ ಮಲಗಿ, ಎದ್ದು, ತಲೆಕೆಳಗಾಗಿ ತಿರುಗಿ ಎದುರಿನವನನ್ನು ಮುಗಿಸಿಬಿಡುತ್ತಿದ್ದ. ನಾವು ಹೋಗುತ್ತಿದ್ದ ಅಂಗಡಿಯಲ್ಲಿ ದುಡ್ಡು ಕಟ್ಟಿ ಆಡುವಾಗ ‘ಎಡ್ಡಿ ತಗೋಬಾರದು’ ಅಂತ ಹುಡುಗರೇ ಕಾನೂನು ಮಾಡಿಕೊಂಡಿದ್ದರು. ಅಲ್ಲಿನ ಪ್ಯಾಡುಗಳಲ್ಲಿ ಮೊದಲು ಸವೆಯುತ್ತಿದ್ದದ್ದೂ ಆ ಎರಡು ಬಟನ್‌ಗಳೇ.

ಟೆಕ್ಕನ್ 8ರಲ್ಲಿ ಅವನು ಶುರುವಿನಲ್ಲಿ ಇರಲಿಲ್ಲ. 2024ರ ಏಪ್ರಿಲ್‌ನಲ್ಲಿ ಬೇರೆ ದುಡ್ಡು ಕೊಟ್ಟು ಕೊಳ್ಳುವ ಪಾತ್ರವಾಗಿ ಬಂದ. ನಾನು ಕೊಂಡ ದಿನವೇ ತಮ್ಮನಿಗೆ ಮೇಲಿಂದ ಮೇಲೆ ಸೋಲು. ಮೇಲ್ಮನೆ ಹುಡುಗನಂತೂ ಪ್ಯಾಡ್ ಕೆಳಗಿಟ್ಟು, "ಅಂಕಲ್, ಇದು ಮೋಸ" ಅಂದ. ಎಡ್ಡಿ ಕೈಮೇಲೆ ನಿಂತಾಗ ಒಂದು ಬಗೆಯ ಒದೆ, ನೆಲಕ್ಕೆ ಒರಗಿದಾಗ ಇನ್ನೊಂದು ಬಗೆ. ಯಾವುದು ಕೆಳಗೆ ಬರುತ್ತೆ, ಯಾವುದು ನಡುವಿಗೆ ಬರುತ್ತೆ ಅಂತ ಗೊತ್ತಿಲ್ಲದವನು ಮಾಡುವುದಾದರೂ ಏನು?

ಗೊತ್ತಾದ ಮೇಲಿನ ಕಥೆಯೇ ಬೇರೆ. ಟೆಕ್ಕನ್ 8ರಲ್ಲಿ ಒಂದು ಸೌಲಭ್ಯ ಇದೆ. ಮುಗಿದ ಮ್ಯಾಚಿನ ರೀಪ್ಲೇ ನೋಡುತ್ತಾ, ಬೇಕಾದ ಕಡೆ ನಿಲ್ಲಿಸಿ, ಅಲ್ಲಿಂದ ನೀವೇ ಆಡಬಹುದು. ‘ಇಲ್ಲಿ ಈ ಏಟು ಹಾಕಿದ್ದರೆ ಸಿಗುತ್ತಿತ್ತು’ ಅಂತ ಆಟವೇ ತೋರಿಸಿಕೊಡುತ್ತದೆ. ತಮ್ಮ ತನ್ನ ಮನೆಗೆ ಹೋಗಿ ಅದನ್ನೇ ಮಾಡಿದ್ದಾನೆ. ಮುಂದಿನ ಸಲ ಬಂದವನು ಎಡ್ಡಿ ನೆಲಕ್ಕೆ ಒರಗಿದ ತಕ್ಷಣ ಒಂದು ಮಿಡ್ ಹಾಕಿದ. ಮತ್ತೆ ಒರಗಿದೆ, ಮತ್ತೆ ಮಿಡ್. ಸಾಲಾಗಿ ಬರುವ ಒದೆಗಳಲ್ಲಿ ಹೈ ಬರುವ ಜಾಗ ನೋಡಿಕೊಂಡು ಕೂತ, ಎದ್ದು ಹೊಡೆದ. ಅಲ್ಲಿಗೆ ಎಡ್ಡಿಯ ಬಂಡವಾಳ ಬಯಲಾಯಿತು. ಅವನನ್ನು ಚೆನ್ನಾಗಿ ಆಡುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅವರು ಕುಟ್ಟಲ್ಲ, ಅಳೆದು ಒದೆಯುತ್ತಾರೆ. ಅಷ್ಟು ಕಷ್ಟಪಡುವುದೇ ಆದರೆ ಆ ಕಷ್ಟವನ್ನು ಬೇರೆಯವರ ಮೇಲೆ ಹಾಕೋಣ ಅನ್ನಿಸಿತು. ಮನೆಗೆ ನೆಂಟರ ಮಕ್ಕಳು ಬಂದಾಗ ಕೈಗೆ ಕೊಡಲು ಮಾತ್ರ ಎಡ್ಡಿಯಂಥವನು ಇನ್ನೊಬ್ಬನಿಲ್ಲ.

ಪಾಲ್ ಫೀನಿಕ್ಸ್ ಪೂರ್ತಿ ಉಲ್ಟಾ. ಮುಚ್ಚುಮರೆ ಇಲ್ಲದ ಮನುಷ್ಯ. ಮೊದಲ ಆಟದಿಂದಲೂ ಇದ್ದಾನೆ. ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತಿದ್ದ ಕೂದಲನ್ನು ಈ ಸಲ ಇಳಿಬಿಟ್ಟುಕೊಂಡು ಬಂದಿದ್ದಾನೆ, ಅಷ್ಟೇ ಬದಲಾವಣೆ. ಅವನ ಅಸಲಿ ಆಸ್ತಿ ಒಂದು ಗುದ್ದು. ಕೆಳಗೆ, ಕೆಳಗಿನ ಮೂಲೆ, ಮುಂದೆ ಅಂತ ಹೆಬ್ಬೆರಳು ಜಾರಿಸಿ ಬಲಗೈ ಬಟನ್ ಒತ್ತಬೇಕು. ಆಟಗಾರರ ಬಾಯಲ್ಲಿ ಅದು ಡೆತ್‌ಫಿಸ್ಟ್. ಮಿಡ್ ಆದ್ದರಿಂದ ಕೂತು ತಪ್ಪಿಸಿಕೊಳ್ಳುವಂತಿಲ್ಲ. ಬಿದ್ದರೆ ಹೆಲ್ತ್ ಬಾರಿನ ದೊಡ್ಡ ತುಂಡೇ ಹೋಗುತ್ತದೆ. ನಾಲ್ವರಲ್ಲಿ ಬೇಗ ಕೈಗೆ ಹತ್ತಿದವನು ಇವನೇ. ಮೊದಲ ದಿನವೇ ಆಡಿದ ಹಾಗೆ ಆಡಬಹುದು.

ತೊಂದರೆ ಏನಂದರೆ, ಆ ಗುದ್ದು ನೇರ ದಾರಿಯಲ್ಲೇ ಬರುತ್ತದೆ. ಪಕ್ಕಕ್ಕೆ ಒಂದು ಹೆಜ್ಜೆ ಜರುಗಿದರೆ ಗಾಳಿಗೆ ಹೋಯಿತು. ಬ್ಲಾಕ್ ಮಾಡಿದರೂ ಎದುರಿನವನಿಗೆ ತಿರುಗಿ ಹೊಡೆಯಲು ಸಮಯ ಸಿಗುತ್ತದೆ. ತಮ್ಮ ಈಗ ಪಾಲ್‌ನನ್ನು ನೋಡಿದರೆ ಸಾಕು, ನಡೆಯುವುದೇ ಅಡ್ಡಡ್ಡ. ಆದರೂ ಪಾಲ್ ಸತ್ತಿಲ್ಲ. ಕಾಲು ಗುಡಿಸಿ ಹಿಂದೆಯೇ ಮೊಣಕೈ ಹಾಕುವ ಅವನ ಹಳೆಯ ಲೋ ಇದೆಯಲ್ಲ, ಅದರ ಭಯಕ್ಕೆ ಯಾರಾದರೂ ಕೂರುತ್ತಾರೆ. ಕೂತರೆ ಗುದ್ದು. ಗೊತ್ತಿದ್ದೂ ತಿನ್ನುವಂಥ ಏಟು. ಬೇರೆಯವರನ್ನೆಲ್ಲ ಸುತ್ತಾಡಿ ಬಂದು ಸೋತು ಸುಣ್ಣವಾದಾಗ, ಹಳೇ ಗಂಡನ ಪಾದವೇ ಗತಿ ಅಂತ ನಾನು ಮರಳುವುದು ಪಾಲ್ ಹತ್ತಿರವೇ. ಟೆಕ್ಕನ್ 3ರ ಕೊನೆಯಲ್ಲಿ ಆ ಆಟದ ಮುಖ್ಯ ಖಳ ಓಗರ್‌ನನ್ನು ಸೋಲಿಸಿ, ಗೆದ್ದೇಬಿಟ್ಟೆ ಅಂತ ಮನೆಗೆ ಹೊರಟವನು ಇವನು. ಅಸಲಿ ಓಗರ್ ಇನ್ನೂ ಬಾಕಿ ಇದ್ದಾನೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ. ಇಂಥವನ ಮೇಲೆ ಸಿಟ್ಟು ಬರೋದಾದರೂ ಹೇಗೆ?

ಈಗ ದೊಡ್ಡವರ ವಿಷಯ. ಕಜುಯಾ ಮಿಶಿಮಾ. ಕಥೆಯ ಲೆಕ್ಕದಲ್ಲಿ ಸರಣಿಯ ಬೆನ್ನೆಲುಬೇ ಇವನು. ಐದು ವರ್ಷದ ಹುಡುಗನಾಗಿದ್ದಾಗ ಅಪ್ಪ ಹೈಹಾಚಿ ಬೆಟ್ಟದ ಮೇಲಿಂದ ಎಸೆದ. ಟೆಕ್ಕನ್ 7ರಲ್ಲಿ ಮಗ ಅಪ್ಪನನ್ನು ಜ್ವಾಲಾಮುಖಿಯ ಬಾಯಿಗೆ ಹಾಕಿದ. ಆ ಅಪ್ಪನೂ 2024ರ ಅಕ್ಟೋಬರಿನಲ್ಲಿ ಎದ್ದು ಬಂದ, ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕಾದ ಪಾತ್ರವಾಗಿ. ನಮ್ಮ ಸೀರಿಯಲ್‌ನವರೂ ಇಷ್ಟು ಧೈರ್ಯ ಮಾಡಲ್ಲ ಬಿಡಿ.

ಆದರೆ ಕಜುಯಾನನ್ನು ಜನ ತೆಗೆದುಕೊಳ್ಳುವುದು ಕಥೆಗಲ್ಲ, ಎಲೆಕ್ಟ್ರಿಕ್‌ಗೆ. ಎಲೆಕ್ಟ್ರಿಕ್ ವಿಂಡ್ ಗಾಡ್ ಫಿಸ್ಟ್ ಅಂತ ಪೂರ್ತಿ ಹೆಸರು. ಮುಂದೆ ಒತ್ತಬೇಕು. ಬಿಡಬೇಕು. ಕೆಳಗೆ ಒತ್ತಬೇಕು. ಆಮೇಲೆ ಕೆಳಗೆ ಮತ್ತು ಮುಂದೆ ಸೇರುವ ಮೂಲೆ. ಆ ಮೂಲೆ ಮುಟ್ಟುವುದೂ ಬಲಗೈ ಬಟನ್ ಬೀಳುವುದೂ ಒಂದೇ ಫ್ರೇಮಿನಲ್ಲಿ ಆಗಬೇಕು. ಸೆಕೆಂಡಿಗೆ 60 ಫ್ರೇಮ್. ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗ. ಸರಿಯಾಗಿ ಬಂದರೆ ಕೈಯಿಂದ ಮಿಂಚು ಚಿಮ್ಮುತ್ತದೆ. ಬಿದ್ದವನು ಗಾಳಿಗೆ ಹಾರುತ್ತಾನೆ. ಬ್ಲಾಕ್ ಮಾಡಿದರೂ ಮೇಲುಗೈ ಕಜುಯಾನದೇ. ಕೂದಲೆಳೆಯಷ್ಟು ತಪ್ಪಿತೋ, ಮಿಂಚಿಲ್ಲದ ಸಾದಾ ಗುದ್ದು ಬರುತ್ತದೆ. ಅದನ್ನು ಬ್ಲಾಕ್ ಮಾಡಿದವನು ನಿಮಗೆ ತಿರುಗಿ ಕೊಡುತ್ತಾನೆ.

ಪ್ರಾಕ್ಟೀಸ್ ಮೋಡ್‌ನಲ್ಲಿ ಇದನ್ನೇ ಹಿಡಿದು ಕೂತೆ. ಮೃದಂಗ ಕಲಿಯುವ ಹುಡುಗ ಒಂದೇ ಪಾಠ ಬಾರಿಸಿ ಬಾರಿಸಿ ಅಕ್ಕಪಕ್ಕದವರ ತಲೆ ತಿಂದ ಹಾಗೆ. ಮನೆಯವಳು ಟಿವಿ ಸೌಂಡ್ ಆಫ್ ಮಾಡಿಸಿದಳು. ಎಡಗೈ ಹೆಬ್ಬೆರಳಿನ ತುದಿ ಕೆಂಪಾಗಿ ಚರ್ಮ ಏಳತೊಡಗಿತು. ಕೊನೆಗೆ ಒಂದು ಕಡೆ ಬಂತು. ಪರದೆಯ ಎಡಭಾಗದಲ್ಲಿ ನಿಂತಾಗ ಹತ್ತರಲ್ಲಿ ಅರ್ಧವಾದರೂ ಮಿಂಚು. ಬಲಭಾಗಕ್ಕೆ ಹೋದರೆ ಬೆರಳು ತಿರುವುಮುರುವು ಓಡಬೇಕು, ಅಲ್ಲಿ ಬರೀ ಸಾದಾ ಗುದ್ದು. ಇದು ತಮ್ಮನಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಜಾಗ ಬದಲಾದ ಕೂಡಲೇ ಅವನು ಹಲ್ಲು ಕಿರಿದು ಮುಂದೆ ನುಗ್ಗುತ್ತಾನೆ.

ನನ್ನ ಅಳತೆಗೋಲಿನಲ್ಲಿ ಗೆಲ್ಲಬೇಕಾದವನು ಕಜುಯಾನೇ. ಏಕೆಂದರೆ ಅವನ ಬಗ್ಗೆ ಗೊತ್ತಿದ್ದರೂ ಉಪಯೋಗವಿಲ್ಲ. ಬಾಗಿಕೊಂಡು ಸರ್ರನೆ ಹತ್ತಿರ ಬರುತ್ತಾನೆ. ಅಲ್ಲಿಂದ ಕಾಲು ಗುಡಿಸುವ ಹೆಲ್ ಸ್ವೀಪ್ ಬರಬಹುದು, ಮಿಡ್ ಬರಬಹುದು. ಊಹೆ ಮಾಡಲೇಬೇಕು. ಹೆಲ್ ಸ್ವೀಪ್ ಬ್ಲಾಕ್ ಆದರೆ ಕಜುಯಾನ ಗತಿ ಮುಗಿಯಿತು ನಿಜ, ಆದರೆ ಅದನ್ನು ನೋಡಿ ತಡೆಯುವ ಕಣ್ಣು ನಮ್ಮ ನಿಮ್ಮಂಥವರಿಗೆ ಇಲ್ಲ. ಚೆನ್ನಾಗಿ ಆಡುವವನ ಕೈಲಿ ಅವನು ವರ್ಷಗಟ್ಟಲೆ ಹಳೆಯದಾಗಲ್ಲ. ಆದರೆ ಆ ಕೈ ಬರಲು ಕೊಡಬೇಕಾದ ಬೆಲೆ ಭಾನುವಾರದ ಒಂದು ಮಧ್ಯಾಹ್ನದಲ್ಲಿ ಹುಟ್ಟಲ್ಲ. ಒಂದು ತಿಂಗಳು ಮುಟ್ಟದಿದ್ದರೆ ಬೆರಳು ಎಲ್ಲಾ ಮರೆತಿರುತ್ತದೆ. ಪಾಲ್ ಹಾಗಲ್ಲ. ಅವನನ್ನು ವರ್ಷ ಬಿಟ್ಟು ಎತ್ತಿಕೊಂಡರೂ ಬೆರಳು ತಾನಾಗಿ ಓಡುತ್ತದೆ.

ಹಾಗಾಗಿ ನನ್ನ ಆಯ್ಕೆ ಕಿಂಗ್. ಚಿರತೆಯನ್ನೇ ಹೋಲುವ ಜಾಗ್ವಾರ್ ಮುಖವಾಡದ ಕುಸ್ತಿಪಟು. ಈಗ ಆಡುವವನು ಎರಡನೇ ಕಿಂಗ್. ಅನಾಥಾಲಯದಲ್ಲಿ ಬೆಳೆದವನು. ಮೊದಲನೆಯವನನ್ನು ಓಗರ್ ಕೊಂದಮೇಲೆ, ಟೆಕ್ಕನ್ 3ರಿಂದ ಮುಖವಾಡ ಇವನದು. ಬೇರೆ ಹೆಚ್ಚಿನವರು ತಂತಮ್ಮ ಭಾಷೆಯಲ್ಲಿ ಮಾತಾಡಿದರೆ ಇವನು ಬರೀ ಗರ್ಜಿಸುತ್ತಾನೆ. ಅದು ಎಲ್ಲರಿಗೂ ಅರ್ಥವಾಗುತ್ತೆ ಬೇರೆ!

ಕಿಂಗ್‌ನ ಕಸುಬು ಹಿಡಿತ. ಹಿಡಿತವನ್ನು ಬ್ಲಾಕ್ ಮಾಡಲು ಬರಲ್ಲ. ಬಿಡಿಸಿಕೊಳ್ಳಬೇಕು. ಅದಕ್ಕೊಂದು ಲೆಕ್ಕ ಇದೆ. ಅವನ ಎಡಗೈ ಮುಂದೆ ಬಂದರೆ ಎಡಗೈ ಬಟನ್, ಬಲಗೈ ಬಂದರೆ ಬಲಗೈ ಬಟನ್, ಎರಡೂ ಬಂದರೆ ಎರಡೂ ಒಟ್ಟಿಗೆ. ನೋಡಿ, ತೀರ್ಮಾನಿಸಿ, ಒತ್ತಲು ಅರ್ಧ ಸೆಕೆಂಡೂ ಇಲ್ಲ. ಟೆಕ್ಕನ್ 8ರಲ್ಲಿ ಎಲ್ಲರಿಗೂ ಇರುವ ಸಾಮಾನ್ಯ ಹಿಡಿತಕ್ಕೆ ಯಾವ ಕೈ ಬಟನ್ ಒತ್ತಿದರೂ ನಡೆಯುತ್ತದೆ. ಕಿಂಗ್‌ನ ದೊಡ್ಡ ಹಿಡಿತಗಳಿಗೆ ಆ ರಿಯಾಯಿತಿ ಇಲ್ಲ. ಕಾಲು ಹಿಡಿದು ಗರಗರ ತಿರುಗಿಸಿ ಎಸೆಯುವ ಜೈಂಟ್ ಸ್ವಿಂಗ್‌ಗೆ ಒಂದು ಬಟನ್, ತಲೆಕೆಳಗಾಗಿ ಎತ್ತಿ ಕುಕ್ಕುವುದಕ್ಕೆ ಇನ್ನೊಂದು.

ತಮ್ಮನಿಗೆ ಈ ಪಾಠವೆಲ್ಲ ಬಾಯಿಪಾಠ. ಸೋಲುವಾಗಲೂ ತನಗೆ ತಾನೇ ಹೇಳಿಕೊಳ್ಳುತ್ತಿರುತ್ತಾನೆ, "ಕೈ ನೋಡ್ಬೇಕು, ಕೈ ನೋಡ್ಬೇಕು." ಕೈ ನೋಡುತ್ತಾ ಕೂತವನು ಕಾಲಿನ ಕಡೆ ನೋಡಲ್ಲ. ನಾನು ಲೋ ಹಾಕುತ್ತೇನೆ. ಹಿಡಿತಕ್ಕೆ ಹೆದರಿ ಕೂತುಬಿಟ್ಟರೆ ಇನ್ನೂ ಒಳ್ಳೆಯದು, ಮಿಡ್ ಹಾಕಿ ಗಾಳಿಗೆ ಎತ್ತುತ್ತೇನೆ. ಕೂತವರನ್ನು ಹಿಡಿಯುವ ಪಟ್ಟುಗಳೂ ಕಿಂಗ್ ಹತ್ತಿರ ಇವೆ. ಚಿರತೆ ಹಾಗೆ ಬಾಗಿ ಓಡಿ ಬರುವ ಜಾಗ್ವಾರ್ ಸ್ಪ್ರಿಂಟ್ ಅಂತೂ ತಮ್ಮನ ಪ್ರಾಣ ಹಿಂಡುತ್ತದೆ. ಓಡಿ ಬಂದು ಹೊಡೆಯುತ್ತೇನೋ ಹಿಡಿಯುತ್ತೇನೋ ಅವನಿಗೆ ಗೊತ್ತಾಗಬೇಕಲ್ಲ.

"ಅಣ್ಣ, ಎಡಗೈ ಅಂತ ಗೊತ್ತಿತ್ತು ಕಣೋ. ಬೆರಳು ಬಲಗಡೆಗೆ ಹೋಯ್ತು," ಅಂದ ಒಂದು ಸಲ. ಎಡ್ಡಿಗೂ ಇವನಿಗೂ ಇರುವ ಅಂತರ ಅಷ್ಟೇ. ಎಡ್ಡಿಯ ಗುಟ್ಟು ತಿಳಿದರೆ ಆಟ ಮುಗಿಯಿತು. ಕಿಂಗ್‌ನ ಗುಟ್ಟು ಎಲ್ಲರಿಗೂ ಗೊತ್ತು, ಆದರೂ ಪ್ರತಿ ಸಲ ಕಣ್ಣು ಮತ್ತು ಬೆರಳು ಹೊಸದಾಗಿ ಪರೀಕ್ಷೆ ಬರೆಯಬೇಕು. ಕಜುಯಾ ಕೊಡುವುದೂ ಇದೇ ಭಯವನ್ನು. ಆದರೆ ಅಲ್ಲಿ ಬೆವರು ಸುರಿಸಬೇಕಾದವನು ಕಜುಯಾನನ್ನು ಹಿಡಿದವನು. ಇಲ್ಲಿ ಬೆವರು ಎದುರಿನವನದು.

ದೋಷ ಇಲ್ಲ ಅಂತಲ್ಲ. ಒಂದರ ಹಿಂದೆ ಒಂದು ಪಟ್ಟು ಹಾಕುತ್ತಾ ಹೋಗುವ ಸರಣಿ ಹಿಡಿತಗಳಿವೆ. ಬಟನ್ ಪಟ್ಟಿ ಉದ್ದಕ್ಕೆ ಹೋಗುತ್ತದೆ. ಒಂದು ತಪ್ಪಿದರೆ ಅಲ್ಲಿಗೇ ನಿಂತಿತು. ನನಗೆ ಒಂದೆರಡು ಕವಲು ಮಾತ್ರ ನೆನಪಿನಲ್ಲಿ ಉಳಿದಿವೆ. ಅಷ್ಟೇ ಸಾಕು ಅನ್ನಿಸಿದೆ. ದೂರ ನಿಂತು ಆಡುವವರ ಎದುರು ಹತ್ತಿರ ಹೋಗುವಷ್ಟರಲ್ಲೇ ಅರ್ಧ ಜೀವ ಹೋಗುತ್ತದೆ. ಆನ್‌ಲೈನ್‌ನಲ್ಲಿ ಹಿಡಿತ ಬಿಡಿಸಿಕೊಳ್ಳುವುದನ್ನು ಅರೆದು ಕುಡಿದವರು ಸಿಕ್ಕರೆ ಕಿಂಗ್ ಬಡವಾಗುತ್ತಾನೆ. ಆಗ ಮಿಡ್‌ಗಳನ್ನೇ ನಂಬಬೇಕು.

ಇನ್ನು ಪಾಸಿಂಗ್‌ನಲ್ಲಿ ಯೋಶಿಮಿತ್ಸು. ಮೊದಲ ಆಟದಿಂದ ಇರುವ ಕತ್ತಿಯವನು. ಪ್ರತಿ ಆಟದಲ್ಲೂ ವೇಷ ಬೇರೆ. ತನ್ನ ಹೊಟ್ಟೆಗೆ ತಾನೇ ಕತ್ತಿ ಹಾಕಿಕೊಂಡು ಹಿಂದೆ ನಿಂತವನನ್ನೂ ಕರೆದುಕೊಂಡು ಹೋಗಬಲ್ಲ. ಸೋಲು ಖಚಿತ ಅಂತ ಗೊತ್ತಾದಾಗ ನಾನು ಅವನನ್ನೇ ತೆಗೆದುಕೊಳ್ಳುವುದು. ಸೋತರೂ ನಗು ಬರುತ್ತದೆ. ಪೆರುವಿನ ಅಜುಸೇನಾ ಅಂತ ಹೊಸಬಳೊಬ್ಬಳಿದ್ದಾಳೆ. ಕಾಫಿ ತೋಟದವಳು, ಬಾಯಿ ಬಿಟ್ಟರೆ ಕಾಫಿ. ನಮ್ಮೂರಿನವರಿಗೆ ಅವಳು ಹಿಡಿಸದೆ ಇರಲ್ಲ, ಆದರೆ ಅವಳನ್ನು ನಾನು ಇನ್ನೂ ಸರಿಯಾಗಿ ಆಡಿಲ್ಲ. ಹೇಳುವುದೂ ಇಲ್ಲ.

ಟೆಕ್ಕನ್ 8ರ ಇನ್ನೊಂದು ಸೌಲಭ್ಯ ಈ ಹೋಲಿಕೆಗೆ ನೇರವಾಗಿ ಕೆಲಸಕ್ಕೆ ಬಂತು. ಗೋಸ್ಟ್ ಬ್ಯಾಟಲ್. ನೀವು ಆಡುವ ರೀತಿಯನ್ನು ಆಟ ಕಲಿತುಕೊಂಡು ನಿಮ್ಮದೇ ಒಂದು ನಕಲು ಮಾಡುತ್ತದೆ. ತಮ್ಮನ ಗೋಸ್ಟ್ ಇಳಿಸಿಕೊಂಡು ವಾರದ ದಿನ ರಾತ್ರಿ ಅದರ ಮೇಲೆ ಕಿಂಗ್ ಪ್ರಯೋಗ ಮಾಡುತ್ತೇನೆ. ಅಡ್ಡಡ್ಡ ನಡೆಯುವ ಅವನ ಚಟ ಅದರಲ್ಲೂ ಬಂದಿದೆ! ಅವನ ಹತ್ತಿರ ನನ್ನ ಗೋಸ್ಟ್ ಇದೆ ಅನ್ನುವ ಗುಮಾನಿ ನನಗಿದೆ. ಕೇಳಿದರೆ ಮಾತು ಮರೆಸುತ್ತಾನೆ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಟೆಕ್ಕನ್ 8ಕ್ಕೆ ಬಿಟ್ಟಿ ಡೆಮೋ ಬಂದಿತ್ತು. ಅದರಲ್ಲಿ ಜಿನ್, ನೀನಾ ಜೊತೆ ಪಾಲ್ ಮತ್ತು ಕಜುಯಾ ಇದ್ದಾರೆ. ಮೊದಲು ಪಾಲ್ ಹಿಡಿದು ಗುದ್ದು ಹಾಕಿ ನೋಡಿ. ಆಮೇಲೆ ಕಜುಯಾನ ಮಿಂಚು ಬರುತ್ತಾ ಅಂತ ಪರದೆಯ ಎರಡೂ ಕಡೆ ನಿಂತು ನೋಡಿ. ಹೆಬ್ಬೆರಳು ಒಪ್ಪಿದರೆ ಅವನೊಂದಿಗೇ ಇರಿ. ಇಲ್ಲದಿದ್ದರೆ ಪೂರ್ತಿ ಆಟ ಕೊಂಡು ಕಿಂಗ್ ತಗೊಳ್ಳಿ. ಎಡ್ಡಿಗೆ ಬೇರೆ ದುಡ್ಡು ಕೊಡುವ ಅವಸರ ಬೇಡ.