ಟ್ರಯಂಫ್ ಬಾನ್‌ವಿಲ್ ಟಿ120, 1968ರ ಮಾಡೆಲ್: ಒಂಬತ್ತು ವರ್ಷ ಓಡಿಸಿದ ಮೇಲೆ

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಈ ಬೈಕು ತಯಾರಾದ ಮೆರಿಡೆನ್ ಊರು ಇಲ್ಲೇ ಪಕ್ಕದಲ್ಲಿದೆ. ಫ್ಯಾಕ್ಟರಿ 1983ರಲ್ಲಿ ಮುಚ್ಚಿತು, ಈಗ ಆ ಜಾಗದಲ್ಲಿ ಮನೆಗಳಿವೆ, ಒಂದು ಬೀದಿಗೆ ಬಾನ್‌ವಿಲ್ ಕ್ಲೋಸ್ ಅಂತಲೇ ಹೆಸರು.

ಮೊದಲ ವಾರ ಕಷ್ಟವಾಯಿತು. ಮೈಸೂರಿನಲ್ಲಿ ಯೆಜ್ಡಿ ಕಲಿತ ಕಾಲು ನನ್ನದು, ಇದರಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಸಿಗ್ನಲ್ ಬಂದಾಗಲೆಲ್ಲ ಬ್ರೇಕು ಅಂದುಕೊಂಡು ಗೇರು ಒತ್ತುತ್ತಿದ್ದೆ. ಪುಣ್ಯಕ್ಕೆ ಆ ವರ್ಷದ ಮಾಡೆಲ್‌ಗೆ ಮುಂದಿನ ಡ್ರಮ್ ಬ್ರೇಕು ಚೆನ್ನಾಗಿದೆ.

649 ಸಿಸಿ, ಎರಡು ಸಿಲಿಂಡರ್ ಅಕ್ಕಪಕ್ಕ. ಎರಡೂ ಪಿಸ್ಟನ್ ಒಟ್ಟಿಗೇ ಮೇಲೆ, ಒಟ್ಟಿಗೇ ಕೆಳಗೆ. ಒಂದು ಸುತ್ತಿಗೆ ಇದು ಹೊತ್ತಿಕೊಂಡರೆ ಮುಂದಿನ ಸುತ್ತಿಗೆ ಅದು, ಹಾಗಾಗಿ ಸದ್ದು ಒಂದೇ ತಾಳದಲ್ಲಿ ಬರುತ್ತದೆ, ಕೇಳುತ್ತಾ ಇರಬಹುದು. ಆದರೆ ಎರಡರ ಭಾರವೂ ಒಂದೇ ಕಡೆ ನುಗ್ಗುವುದರಿಂದ ನಡುಕ ಜಾಸ್ತಿ. ಗಂಟೆಗೆ 55 ಮೈಲಿಯವರೆಗೆ ಸುಖ, 65 ದಾಟಿದರೆ ಕೈ ಜುಮ್ ಅನ್ನುತ್ತದೆ, ಕನ್ನಡಿಯಲ್ಲಿ ಹಿಂದಿರುವುದು ಲಾರಿಯೋ ಕಾರೋ ಗೊತ್ತಾಗುವುದಿಲ್ಲ. ಮೊದಲ ವರ್ಷ ನಂಬರ್ ಪ್ಲೇಟಿನ ಬೋಲ್ಟು ದಾರಿಯಲ್ಲೇ ಉದುರಿತ್ತು.

ಸ್ಟಾರ್ಟ್ ಮಾಡುವುದಕ್ಕೂ ಒಂದು ಕ್ರಮ ಇದೆ. ರಾತ್ರಿಯೆಲ್ಲ ನಿಂತರೆ ಕ್ಲಚ್ ಪ್ಲೇಟುಗಳು ಅಂಟಿಕೊಳ್ಳುತ್ತವೆ, ಅದಕ್ಕೆ ಮೊದಲು ಕ್ಲಚ್ ಹಿಡಿದು ಎರಡು ಸಲ ಕಿಕ್ ಒತ್ತಿ ಬಿಡಿಸಬೇಕು. ಆಮೇಲೆ ಎರಡು ಅಮಾಲ್ ಕಾರ್ಬುರೇಟರುಗಳ ಗುಂಡಿಯನ್ನೂ ಪೆಟ್ರೋಲು ಬೆರಳಿಗೆ ತಾಗುವವರೆಗೆ ಒತ್ತಬೇಕು. ಎರಡರ ಆಕ್ಸಿಲರೇಟರ್ ಕೇಬಲ್ಲೂ ಒಂದೇ ಅಳತೆಗೆ ಇರಬೇಕು, ಒಂದು ಸ್ವಲ್ಪ ಸಡಿಲವಾದರೂ ಇಂಜಿನ್ ಕುಂಟುತ್ತದೆ.

ವೈರಿಂಗ್ ಉಲ್ಟಾ, ಬ್ಯಾಟರಿಯ ಪ್ಲಸ್ ಫ್ರೇಮಿಗೆ ಹೋಗುತ್ತದೆ. ಒಬ್ಬ ಮೆಕ್ಯಾನಿಕ್ ಅಭ್ಯಾಸಬಲದಿಂದ ಫ್ರೇಮಿಗೆ ಮೈನಸ್ ಜೋಡಿಸಿ ರೆಕ್ಟಿಫೈಯರ್, ಅಂದರೆ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ, ಸುಟ್ಟುಹಾಕಿದ. ಅಂದಿನಿಂದ ಆ ಕೆಲಸ ನಾನೇ ಮಾಡುತ್ತೇನೆ.

ಕೊಳ್ಳುವವರು ಒಂದು ವಿಷಯ ಮರೆಯದೆ ಕೇಳಿ: ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಕೊಳೆ ಕೊಳವೆ ಯಾವಾಗ ತೆಗೆದು ತೊಳೆದಿದ್ದೀರಿ? ಈಗಿನ ಗಾಡಿಗಳ ಹಾಗೆ ಬದಲಾಯಿಸುವ ಆಯಿಲ್ ಫಿಲ್ಟರ್ ಇದಕ್ಕಿಲ್ಲ, ಬರೀ ಜಾಲರಿ. ಸಣ್ಣ ಕೊಳೆ ಕ್ರ್ಯಾಂಕ್ ತಿರುಗುವ ರಭಸಕ್ಕೆ ಹೊರಗೆ ಎಸೆದುಕೊಂಡು ಒಳಗಿನ ಕೊಳವೆಯಲ್ಲಿ ಕೂರುತ್ತದೆ, ತುಂಬಿದರೆ ಬೇರಿಂಗಿಗೆ ಆಯಿಲ್ ಹೋಗುವುದಿಲ್ಲ. ಅದನ್ನು ತೆಗೆಯಲು ಇಂಜಿನ್ ಪೂರ್ತಿ ಬಿಚ್ಚಬೇಕು. ನಾನು ನಾಲ್ಕನೇ ವರ್ಷ ಬಿಚ್ಚಿಸಿದೆ, ಒಳಗೆ ಡಾಂಬರಿನಂಥ ಗಟ್ಟಿ ಕಪ್ಪು. ಸ್ವಲ್ಪ ತಡವಾಗಿದ್ದರೂ ಇಂಜಿನ್ ಹೋಗಿಯೇಬಿಡುತ್ತಿತ್ತು.

ಖರ್ಚಿನ ಮಾತಿಗೆ ಬಂದರೆ, 40 ವರ್ಷ ದಾಟಿದ್ದರಿಂದ ರಸ್ತೆ ತೆರಿಗೆ ಇಲ್ಲ, ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಬಿಡಿಭಾಗ ಇನ್ನೂ ಸುಲಭವಾಗಿ ಸಿಗುತ್ತವೆ.

ಚಳಿಗಾಲದಲ್ಲಿ ಮಾತ್ರ ಎಚ್ಚರ. ಆರು ವಾರ ಸುಮ್ನೆ ನಿಲ್ಲಿಸಿದರೆ ಆಯಿಲ್‌ ಟ್ಯಾಂಕಿನಲ್ಲಿರುವ ಆಯಿಲ್ ಪಂಪು ದಾಟಿ ಕ್ರ್ಯಾಂಕ್ ಇರುವ ಕೆಳಗಿನ ಪೆಟ್ಟಿಗೆಗೆ ಇಳಿಯುತ್ತದೆ. ಕೆಳಗಿನ ಪ್ಲಗ್ ಬಿಚ್ಚಿ ಅದನ್ನು ತೆಗೆಯದೆ ನಾನೊಮ್ಮೆ ಕಿಕ್ ಹೊಡೆದೆ, ಆಯಿಲ್ ಹೊರಗೆ ಚಿಮ್ಮಿ ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಯನ್ನೆಲ್ಲ ಮತ್ತೆ ಒಗೆಯಬೇಕಾಯಿತು.