ದೈತ್ಯ ರೋಬೋಟ್‌ಗೆ ಹೆಸರು: ಘಟೋತ್ಕಚನೋ, ಸೂಪಾನೋ, ಕೆಎ 30 ಓ?

ದೈತ್ಯ ರೋಬೋಟ್ ಬಿಡಿಸುವುದು ಸುಲಭ. ಚೌಕ ಎದೆ, ದಪ್ಪ ಕಾಲು, ಕಣ್ಣಲ್ಲಿ ಕೆಂಪು ದೀಪ, ಮುಗೀತು. ತಲೆ ಕೆಡುವುದು ಹೆಸರಿಡಲು ಕೂತಾಗ.

ಕುಮಟಾದಲ್ಲಿ ನಮ್ಮ ಓಣಿಯ ಮಕ್ಕಳ ಕೈಬರಹದ ಪತ್ರಿಕೆಗೆ ನಾನೊಂದು ಚಿತ್ರಕಥೆ ಮಾಡುತ್ತಿದ್ದೇನೆ. ಕಾಳಿ ನದಿ ಕಡಲು ಸೇರುವಲ್ಲಿ ಮೂರು ರೋಬೋಟ್‌ಗಳ ಕಾದಾಟ. ಜಪಾನಿನ ಕಾರ್ಟೂನಿನ ಪ್ರಸಿದ್ಧ ರೋಬೋಟ್ ಗಂಡಮ್‌ನ ಎತ್ತರ 18 ಮೀಟರ್. ನಮ್ಮ ಯಾಣದ ಭೈರವೇಶ್ವರ ಶಿಖರ 120 ಮೀಟರ್. ಪಕ್ಕ ನಿಲ್ಲಿಸಿದರೆ ಗಂಡಮ್ ಪಾಪ ಎನ್ನಿಸುತ್ತದೆ. ನನ್ನವು ಯಾಣದಷ್ಟೇ ಎತ್ತರ. ಹಾಗಾಗಿ ಹೆಸರಿಗೂ ಅಷ್ಟು ಗತ್ತು ಬೇಕು, ಅಲ್ವಾ?

ಸಿಕ್ಕಿದ ಹೆಸರನ್ನೆಲ್ಲ ಮೂರು ಕಡೆ ತಿಕ್ಕಿ ನೋಡಿದೆ. ಕಡಲ ಗಾಳಿಯಲ್ಲಿ ಕೂಗಿದರೆ ಕೇಳಬೇಕು. ಮಾತಿನ ಗುಳ್ಳೆಯೊಳಗೆ ಹಿಡಿಸಬೇಕು. ಹೆಸರಿನ ಮುಂದೆ ‘ಬಂದ’, ‘ಬಂದಳು’, ‘ಬಂತು’ ಇವುಗಳಲ್ಲಿ ಒಂದು ತಾನಾಗೇ ಬಂದು ಕೂರಬೇಕು. ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

ಮೊದಲು ಇಂಗ್ಲಿಷ್ ಗತ್ತಿನ ಹೆಸರು ನೋಡಿದೆ. ಮೊಬೈಲಿನಲ್ಲಿ ಹೆಸರು ಹುಟ್ಟಿಸಿಕೊಡುವ ಆ್ಯಪ್‌ಗಳಿವೆ. ಒತ್ತಿದ ಕೂಡಲೇ ಝೈರೋಟ್ರಾನಿಕ್ಸ್, ಟೈಟಾನಾಕ್ಸ್, ವೋರ್ಟೆಕ್ಸಿಯಾನ್ ಅಂತ ಸುರಿಯುತ್ತವೆ. ಕಾಗದದ ಮೇಲೆ ಭಾರೀ ಕಾಣುತ್ತವೆ. ಅಳಿಯನಿಗೆ ಓದಿ ಹೇಳಿದೆ. ‘ಮಾವಾ, ಇದು ರೋಬೋಟಾ, ಜ್ವರದ ಮಾತ್ರೆಯಾ?’ ಅಂದ. ಅದಾದ ಮೇಲೆ ನನಗೂ ಹಾಗೇ ಕೇಳಿಸತೊಡಗಿತು. ಗುಳ್ಳೆಯಲ್ಲಿ ಇನ್ನೂ ಕಷ್ಟ. ‘ಝೈರೋಟ್ರಾನಿಕ್ಸ್‌ನನ್ನು ಹಿಡಿಯಿರಿ’ ಅಂತ ಬರೆದರೆ ಗುಳ್ಳೆ ಪೂರ್ತಿ ಹೆಸರೇ. ‘ಕ್ಸ್’ ಆದಮೇಲೆ ‘ನನ್ನು’ ಅಂಟುವುದೇ ಇಲ್ಲ. ಕೂಗಿದರೆ ಕೊನೆಗೆ ಒಂದು ‘ಉ’ ಸೇರಿ ‘ಟ್ರಾನಿಕ್ಸೂ’ ಆಗುತ್ತದೆ.

ಹಾಗಂತ ಆ ಜಾತಿಯ ಹೆಸರೆಲ್ಲ ಕೆಟ್ಟದ್ದಲ್ಲ. 1984ರಲ್ಲಿ ಅಮೆರಿಕದ ಟ್ರಾನ್ಸ್‌ಫಾರ್ಮರ್ಸ್ ಕಥೆಯಲ್ಲಿ ಬಂದ ಕೆಟ್ಟ ರೋಬೋಟ್ ಮೆಗಾಟ್ರಾನ್ ಅನ್ನೇ ತೆಗೆದುಕೊಳ್ಳಿ. ಅಣುಬಾಂಬಿನ ಬಲ ಅಳೆಯುವ ಮೆಗಾಟನ್, ಎಲೆಕ್ಟ್ರಾನಿಕ್ ಎರಡನ್ನೂ ಕೂಡಿಸಿ ಕಟ್ಟಿದ ಹೆಸರು. ಅಣುಬಾಂಬಿನ ಭಯದಲ್ಲೇ ಬೆಳೆದ ಅಲ್ಲಿನ ಮಕ್ಕಳಿಗೆ ಅದರಲ್ಲಿ ಬಾಂಬೂ ಕೇಳಿಸುತ್ತಿತ್ತು, ಕರೆಂಟೂ ಕೇಳಿಸುತ್ತಿತ್ತು. ನಮ್ಮ ಓಣಿಯ ಮಕ್ಕಳಿಗೆ ಟೈಟಾನಾಕ್ಸ್‌ನಲ್ಲಿ ಏನೂ ಕೇಳಿಸುವುದಿಲ್ಲ.

ಕೂಗುವ ಪರೀಕ್ಷೆಯಲ್ಲಿ ಪುರಾಣದ ಹೆಸರಿಗೆ ಎದುರೇ ಇಲ್ಲ. ಘಟೋತ್ಕಚ! ಬಣ್ಣದ ವೇಷ ಆರ್ಭಟ ಕೊಟ್ಟು ರಂಗಕ್ಕೆ ಬಂದಷ್ಟೇ ಸದ್ದು. ಹಿಂದೆ ಚಂಡೆ ಬಾರಿಸಿದಂತೆಯೇ ಆಗುತ್ತದೆ. ‘ಘಟೋತ್ಕಚ ಬಂದ’, ವ್ಯಾಕರಣದ ತಕರಾರೂ ಇಲ್ಲ. ಆದರೆ ಯಕ್ಷಗಾನ ನೋಡಿ ಬೆಳೆದ ಊರು ಇದು. ಅವನು ಕರ್ಣನ ಶಕ್ತ್ಯಾಯುಧಕ್ಕೆ ಬೀಳುತ್ತಾನೆ ಅಂತ ಎಲ್ಲರಿಗೂ ಗೊತ್ತು. ನನ್ನ ಕಥೆಯ ಕೊನೆ ಮೊದಲ ಪುಟದಲ್ಲೇ ಒಡೆದುಹೋಯಿತು. ಹೊಸದಾಗಿ ಲೋಹಾಸುರ ಅಂತ ಕಟ್ಟಿದೆ. ‘ಅಸುರ’ ಸೇರಿದ ಕೂಡಲೇ ಅವನು ಕೆಟ್ಟವನೇ. ಆಮೇಲೆ ಅವನನ್ನು ಒಳ್ಳೆಯವನನ್ನಾಗಿ ಮಾಡಲು ಜಾಗವೇ ಇಲ್ಲ.

ಬರೀ ಸಂಸ್ಕೃತದ ಹೆಸರಿಟ್ಟರೆ ಇನ್ನೊಂದು ಅಪಾಯ. ಕಾರವಾರದ ಟಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಕ್ಷಿಪಣಿ ದೋಣಿ ಇದೆಯಲ್ಲ, ಈಗ ಮ್ಯೂಸಿಯಂ ಆಗಿದೆ. ಅದರ ಹೆಸರು ಐಎನ್‌ಎಸ್ ಚಪಲ್. ಸಂಸ್ಕೃತದಲ್ಲಿ ಚಪಲ ಅಂದರೆ ಚುರುಕು. ವೇಗದ ದೋಣಿಗೆ ಒಪ್ಪುವ ಹೆಸರೇ. ನಮ್ಮ ಮನೆಯಲ್ಲಿ ಚಪಲ ಅಂದರೆ ಬಾಯಿ ಚಪಲ, ಸಂಜೆ ಬಜ್ಜಿ ಬೇಕು ಅನ್ನಿಸುವುದು.

ನಂಬರಿನ ಹೆಸರನ್ನು ಬೇಗ ಮುಗಿಸುತ್ತೇನೆ. ಜಪಾನಿನಲ್ಲಿ 1956ರಲ್ಲೇ 28ನೇ ನಂಬರಿನ ಉಕ್ಕಿನ ಮನುಷ್ಯನ ಕಥೆ ಬಂದಿತ್ತು. ಆದರೆ ಓಡುತ್ತಾ ‘ಇಪ್ಪತ್ತೆಂಟೂ...’ ಅಂತ ಕೂಗಿ ನೋಡಿ, ಉಸಿರು ಕಟ್ಟುತ್ತದೆ. ಅದಕ್ಕೆ ಗಾಡಿ ನಂಬರ್ ಇಟ್ಟು ನೋಡಿದೆ. ಒಂದು ಕೆಎ 30, ಇನ್ನೊಂದು ಕೆಎ 31. ಮಕ್ಕಳಿಗೆ ಭಾರೀ ಖುಷಿ. ಆದರೆ ಅದು ರೋಬೋಟ್ ಕಥೆಯಾಗಿ ಉಳಿಯಲಿಲ್ಲ. ಕಾರವಾರ ಮೇಲೋ ಶಿರಸಿ ಮೇಲೋ ಅಂತ ಜಗಳ ಶುರುವಾಯಿತು. ಮಧ್ಯೆ ಒಬ್ಬ ಹೊನ್ನಾವರದ ಪೋರ ಕೆಎ 47 ಎಲ್ಲಿ ಅಂತ ಕೇಳಿದ.

ಮೀನಿನ ಹೆಸರು ತಮಾಷೆಗೆ ಸರಿ. ಬಂಗಡೆ ಅಂತ ರೋಬೋಟ್ ಇಟ್ಟರೆ ಯಾರೂ ಹೆದರುವುದಿಲ್ಲ, ಹಸಿವಾಗುತ್ತದೆ ಅಷ್ಟೇ. ತೊರಕೆ ಮಾತ್ರ ಪಾಸು. ಬಾಲದಲ್ಲಿ ಮುಳ್ಳಿದೆ, ರೋಬೋಟ್‌ಗೂ ಬಾಲ ಕೊಡಬಹುದು.

ಕೊನೆಗೆ ಹೊಳೆ, ಊರು, ಅಣೆಕಟ್ಟಿನ ಹೆಸರಿಗೆ ಬಂದೆ. ನನ್ನ ವೋಟು ಇದಕ್ಕೇ. ಸೂಪಾ, ಕದ್ರಾ, ಕೈಗಾ. ಎರಡೇ ಅಕ್ಷರ, ಕೊನೆಗೆ ದೀರ್ಘ. ಎಷ್ಟು ಬೇಕಾದರೂ ಎಳೆದು ಕೂಗಬಹುದು. ಕುಮಟಾದ ಕಡಲಲ್ಲಿ ಅಲೆ ಜೋರಿದ್ದಾಗಲೂ ‘ಕದ್ರಾಆ’ ಸ್ಪಷ್ಟ ಕೇಳಿತು. ‘ಕೈಗಾನ ಕೈ’, ‘ಸೂಪಾಗೆ ಹೇಳು’, ಏನು ಹಚ್ಚಿದರೂ ಅಂಟುತ್ತದೆ. ಜೊತೆಗೆ ಕಥೆಯೂ ಪುಕ್ಕಟೆ ಸಿಗುತ್ತದೆ. ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲನೇ ಘಟಕ 962 ದಿನ ನಿಲ್ಲದೆ ಓಡಿ, 2018ರ ಡಿಸೆಂಬರ್ 31ರಂದು ನಿಂತಿತು. ನಿದ್ದೆಯೇ ಮಾಡದ ರೋಬೋಟ್‌ಗೆ ಬೇರೆ ಹೆಸರು ಹುಡುಕುವುದು ಯಾಕೆ?

‘ಬಂದ, ಬಂದಳು, ಬಂತು’ ಪರೀಕ್ಷೆ ಇಲ್ಲಿ ಮಜಾ ಕೊಟ್ಟಿತು. ‘ಸೂಪಾ ಬಂತು’ ಅಂದರೆ ಯಂತ್ರ ಬಂದಂತೆ, ಮನಸ್ಸಿಲ್ಲದ ಭಾರ. ನಮ್ಮ ಹೊಳೆಯ ಹೆಸರು ಹಿಡಿದು ‘ಅಘನಾಶಿನಿ ಬಂದಳು’ ಅಂದ ಕೂಡಲೇ ಅದೇ ಕಬ್ಬಿಣಕ್ಕೆ ಸಿಟ್ಟು, ಕರುಣೆ ಎರಡೂ ಬಂದವು. ಅಲ್ಲಿಯವರೆಗೆ ನನ್ನ ರೋಬೋಟ್‌ಗಳಲ್ಲಿ ಹೆಣ್ಣೇ ಇರಲಿಲ್ಲ. ಐದಕ್ಷರವಾದರೂ ಒತ್ತಕ್ಷರ ಒಂದೂ ಇಲ್ಲ, ಗುಳ್ಳೆಯಲ್ಲಿ ಆರಾಮಾಗಿ ಕೂತಳು. ಕಾಳಿಯನ್ನು ಮಾತ್ರ ಬಿಟ್ಟೆ. ಗದ್ದೆಯ ಕೆಸರಲ್ಲಿ ಕಾಳಿ ಬಿದ್ದಳು ಅಂತ ಬರೆದರೆ ನಮ್ಮ ಆಯಿ ಊಟ ಹಾಕುವುದಿಲ್ಲ.

ಸೂಪಾ ಬಗ್ಗೆಯೂ ಅಳುಕಿತ್ತು. ಹಳೇ ಸೂಪಾ ಊರು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದೆ. ಮನೆ, ಗದ್ದೆ ಬಿಟ್ಟು ಬಂದವರು ಇನ್ನೂ ಇದ್ದಾರೆ. ಜೋಯಿಡಾ ಕಡೆಯ ಪರಿಚಯದ ಅಜ್ಜರೊಬ್ಬರಿಗೆ ಚಿತ್ರ ತೋರಿಸಿ ಕೇಳಿದೆ. ಕನ್ನಡಕ ಹಾಕಿಕೊಂಡು ಪುಟ ಪುಟ ತಿರುಗಿಸಿದರು. ‘ತಮಾ, ಸೂಪಾ ಗೆಲ್ತದೋ ಸೋಲ್ತದೋ?’

‘ಗೆಲ್ತದೆ ಅಜ್ಜಾ.’

‘ಹಾಂಗಾದ್ರೆ ಅಡ್ಡಿಲ್ಲ.’

ಹೀಗಾಗಿ ಸೂಪಾ ಮತ್ತು ಅಘನಾಶಿನಿ ಪಕ್ಕಾ. ಕೆಟ್ಟವನಿಗೆ ಕದ್ರಾ ಅಂತಲೇ ಇಡಬೇಕೆಂದು ಮಕ್ಕಳ ಹಟ. ಆ ಊರಿನವರಿಗೆ ಯಾಕೆ ಬೇಜಾರು ಮಾಡುವುದು ಅಂತ ಸ್ವಲ್ಪ ತಿರುಚಿ ‘ಕಡ್ರಾಕ’ ಮಾಡಿದ್ದೇನೆ. ‘ಕಡ್ರಾಕ ಬಂದ’, ಹಲ್ಲು ಕಡಿದಂತೆ ಕೇಳುತ್ತದೆ. ಅಳಿಯ ಒಪ್ಪಿದ್ದಾನೆ, ಆದರೆ ತೊರಕೆಯ ಬಾಲವನ್ನೂ ಇವನಿಗೇ ಕೊಡಬೇಕಂತೆ.